ಅತ್ತೆ ತೊಳೆದಿಟ್ಟ ಹದಿನಾಲ್ಕು ಕಲ್ಲುಗಳು

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಆಗ ನಾನು ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮೂರು ಹೊನ್ನವಳ್ಳಿ. ಆದರೆ ನನಗೆ ಬೇಕಾದ ಕಲ್ಲುಗಳಿದ್ದದ್ದು ತುರುವೇಕೆರೆ ಸುತ್ತಮುತ್ತ. ಹಾಗಾಗಿ ದಬ್ಬೇಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಗಂಗಮ್ಮನ ಮನೆಯಲ್ಲಿ ಹತ್ತು ದಿನ ಉಳಿದುಕೊಂಡಿದ್ದೆ.

ದಿನಾ ಬೆಳಗ್ಗೆ ಮಾವನ ಸ್ಕೂಟರ್ ತೆಗೆದುಕೊಂಡು ಹೋಗುವುದು, ಸುತ್ತಿಗೆಯಿಂದ ಬಂಡೆ ಒಡೆಯುವುದು, ಒಂದು ತುಂಡನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬರುವುದು. ಇದೇ ನನ್ನ ಕೆಲಸ. "ಕಲ್ಲು ಆಯೋದಕ್ಕೆ ಇಷ್ಟೊಂದು ಓದ್ಬೇಕೇನಮ್ಮಾ? ನಾನು ಏಳನೇ ಕ್ಲಾಸಿಗೇ ಬಿಟ್ಟು ಹೊಲದಲ್ಲಿ ಆಯ್ತಾ ಇದೀನಿ," ಎಂದು ಮಾವ ದಿನಾ ರೇಗಿಸುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ನೀವು ಆಯ್ದು ಬದುವಿಗೆ ಎಸೀತೀರಿ ಮಾವ, ನಾನು ಆಯ್ದು ಮಾತಾಡಿಸ್ತೀನಿ," ಎನ್ನುತ್ತಿದ್ದೆ.

ವಿಷಯ ಇಷ್ಟೇ. ನಮ್ಮ ತೆಂಗಿನ ತೋಟಗಳ ಅಂಚಿನಲ್ಲಿ, ಗುಡ್ಡಗಳ ಬುಡದಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಹಸಿರು ಕಲ್ಲುಗಳಲ್ಲಿ ಕೆಲವು ನೂರಾರು ಕೋಟಿ ವರ್ಷದ ಹಿಂದೆ ನೆಲದಡಿಯಿಂದ ಕುದಿಯುತ್ತಾ ಮೇಲೆ ಬಂದವು. ನೆಲದೊಳಗೆ ಕರಗಿದ್ದಾಗ ಅದನ್ನು ಮ್ಯಾಗ್ಮಾ ಎನ್ನುತ್ತೇವೆ. ಮೇಲೆ ಹರಿದರೆ ಲಾವಾ. ಆ ಮ್ಯಾಗ್ಮಾ ಎಷ್ಟು ಆಳದಿಂದ ಬಂತು, ಎಷ್ಟು ಬಿಸಿಯಿತ್ತು, ಎಲ್ಲಾ ಒಂದೇ ಮೂಲದಿಂದ ಬಂತೋ ಬೇರೆ ಬೇರೆ ಮೂಲಗಳಿಂದ ಬಂತೋ ಎನ್ನುವುದೇ ನನ್ನ ಪ್ರಶ್ನೆ. ಹದಿನಾಲ್ಕು ಜಾಗ ಗುರುತು ಮಾಡಿಕೊಂಡು ಹದಿನಾಲ್ಕು ಕಲ್ಲು ತಂದಿದ್ದೆ. ಅದರಲ್ಲೂ ಒಂಬತ್ತನೆಯದು ಮತ್ತು ಹನ್ನೆರಡನೆಯದು ನನಗೆ ಜೀವಕ್ಕಿಂತ ಹೆಚ್ಚು. ಎರಡೂ ಹೊರಗಿನಿಂದ ನೋಡಲು ಅವಳಿ ಮಕ್ಕಳಂತಿದ್ದವು. ಆದರೆ ಎರಡಕ್ಕೂ ಮೂಲ ಬೇರೆ ಎಂದು ನನ್ನ ಅನುಮಾನ. ಅದನ್ನು ಸಾಬೀತು ಮಾಡಿದರೆ ನನ್ನ ಎರಡು ವರ್ಷದ ದುಡಿಮೆಗೆ ಒಂದು ಅರ್ಥ ಬರುತ್ತಿತ್ತು.

ಕಲ್ಲುಗಳನ್ನು ಸೋಮವಾರ ಬೆಂಗಳೂರಿನಲ್ಲಿ ಕತ್ತರಿಸುವವರ ಕೈಗೆ ಕೊಡಬೇಕಿತ್ತು. ಅವರು ಕಾಗದದಷ್ಟು ತೆಳ್ಳಗೆ ಸೀಳಿ, ನುಣುಪು ಮಾಡಿಕೊಡುತ್ತಾರೆ. ಮೂರು ವಾರದ ನಂತರ ಅವುಗಳೊಳಗಿನ ಖನಿಜಗಳನ್ನು ಪರೀಕ್ಷಿಸುವ ಯಂತ್ರದಲ್ಲಿ ನನಗೆ ಎರಡು ದಿನ ಸಿಕ್ಕಿತ್ತು. ಆ ಎರಡು ದಿನಕ್ಕಾಗಿ ಎಂಟು ತಿಂಗಳು ಕಾದಿದ್ದೆ. ತಪ್ಪಿದರೆ ಮತ್ತೆ ಸರದಿ ಬರುವಷ್ಟರಲ್ಲಿ ನನ್ನ ಫೆಲೋಶಿಪ್ಪೇ ಮುಗಿಯುತ್ತಿತ್ತು.

ಶನಿವಾರ ಬೆಳಗ್ಗೆ ಟಿಕೆಟ್ ಬುಕ್ ಮಾಡಲು, ಒಂದೆರಡು ಸಾಮಾನು ತರಲು ತುರುವೇಕೆರೆಗೆ ಹೋಗಿದ್ದೆ. ಹನ್ನೊಂದು ಗಂಟೆಗೆ ವಾಪಸ್ ಬಂದು ನೋಡುತ್ತೇನೆ, ಅಂಗಳದಲ್ಲಿ ಹಾಸಿದ ಗೋಣಿತಾಟಿನ ಮೇಲೆ ಹದಿನಾಲ್ಕು ಕಲ್ಲುಗಳು ಫಳಫಳ ಹೊಳೆಯುತ್ತಾ ಬಿಸಿಲು ಕಾಯುತ್ತಿವೆ. ಬಟ್ಟೆ ಒಣಗಿಸುವ ತಂತಿಯ ಮೇಲೆ ಹದಿಮೂರು ಚೀಲಗಳು ಸಾಲಾಗಿ ತೂಗುತ್ತಿವೆ. ಬಚ್ಚಲ ಹತ್ತಿರ ಅತ್ತೆ ತೆಂಗಿನ ನಾರು, ಬೂದಿ ಹಿಡಿದುಕೊಂಡು ಕೂತಿದ್ದಾರೆ.

"ಬಂದ್ಯಾ ಮಗ? ಏನ್ ಮಣ್ಣು ಮೆತ್ಕಂಡಿತ್ತು ಕಣೇ! ಬೆಂಗ್ಳೂರಿಗೆ ಹೋಗೋ ಸಾಮಾನು, ಹಂಗೇ ಕಳ್ಸಿದ್ರೆ ನಿಮ್ ಮೇಡಮ್ಮು ಏನಂದ್ಕಂತಾರೆ? ಅದ್ಕೇ ತಿಕ್ಕಿ ತೊಳ್ದುಬುಟ್ಟೆ," ಎಂದರು ಅತ್ತೆ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಸಂತೋಷ.

 ಓಡಿಹೋಗಿ ಒಂದೊಂದೇ ಕಲ್ಲು ತಿರುಗಿಸಿ ನೋಡಿದೆ. ಒಂದರ ಮೇಲೂ ನಂಬರಿಲ್ಲ. ಕಲ್ಲಿನ ಮೇಲೆ, ಚೀಲದ ಮೇಲೆ, ಒಳಗೆ ಒಂದು ಚೀಟಿಯಲ್ಲಿ, ಹೀಗೆ ಮೂರು ಕಡೆ ನಂಬರ್ ಬರೆಯಬೇಕು ಎಂದು ನಮ್ಮ ಗೈಡ್ ಮೇಡಂ ಮೊದಲ ದಿನದಿಂದಲೂ ತಲೆಗೆ ಕುಟ್ಟಿದ್ದರು. ನಾನು ಬಹಳ ಬುದ್ಧಿವಂತೆ. ಚೀಟಿ ಯಾಕೆ ಬಿಡು ಎಂದುಕೊಂಡಿದ್ದೆ. ತಂದಿದ್ದ ಮಾರ್ಕರ್ ಖಾಲಿಯಾದಾಗ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡು ಬರೆದಿದ್ದೆ. ಅದು ಶಾಲೆಯ ಬಿಳಿ ಬೋರ್ಡಿನ ಮೇಲೆ ಬರೆದು ಒರೆಸುವ ಮಾರ್ಕರ್ ಎನ್ನುವುದು ಗೊತ್ತಾದದ್ದು ಆ ಅಂಗಳದಲ್ಲಿ ನಿಂತಾಗ. ಚೀಲಗಳ ಮೇಲಿನ ನಂಬರ್ ಮಸುಕಾಗಿ ಉಳಿದಿತ್ತು. ಆದರೆ ಯಾವ ಕಲ್ಲು ಯಾವ ಚೀಲದ್ದು ಎಂದು ಯಾರನ್ನು ಕೇಳುವುದು? ಒಂಬತ್ತು ಎಂದು ಬರೆದ ಚೀಲ ಮಾತ್ರ ಆಗಲೇ ಒಣಗಿ, ಒಳಗೆ ನಾಲ್ಕು ಉಂಡೆ ಕೊಬ್ಬರಿ ತುಂಬಿಕೊಂಡು ಜಗುಲಿಯ ಮೇಲೆ ಕೂತಿತ್ತು. ಅದು ಮೇಡಂಗಂತೆ.

ನನಗೆ ಸಿಟ್ಟು ಬಂದರೆ ಹಿಂದೆ ಮುಂದೆ ನೋಡುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆವತ್ತೂ ಹಾಗೇ ಆಯಿತು. "ಯಾರು ಹೇಳಿದ್ರು ಅತ್ತೆ ನಿಮಗೆ ತೊಳೀರಿ ಅಂತ? ಗೊತ್ತಿಲ್ದಿದ್ರೆ ಸುಮ್ನಿರೋಕಾಗಲ್ವಾ? ನನ್ನ ಎರಡು ವರ್ಷದ ಕೆಲಸ ಬಚ್ಚಲಲ್ಲಿ ಹೋಯ್ತು!" ಎಂದು ಕೂಗಾಡಿಬಿಟ್ಟೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಅತ್ತೆ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಕಲ್ಲುಗಳನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜೋಡಿಸತೊಡಗಿದರು. ಮೊದಲಿದ್ದ ಹಾಗೆ ಇಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೆ.  ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಾ ಕೂತೆ.

ಅರ್ಧ ಗಂಟೆಯಾದ ಮೇಲೆ ಅತ್ತೆಯೇ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಕರಟದ ಚೂರುಗಳಿದ್ದವು. ಅತ್ತೆಯ ಕೆಲಸ ಏನೆಂದು ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟು, ಆಮೇಲೆ ಸುಲಿದು, ಒಳಗಿನ ಕೊಬ್ಬರಿ ಉಂಡೆಗೆ ಪೆಟ್ಟಾಗದ ಹಾಗೆ ಕರಟ ಒಡೆದು ತೆಗೆಯುತ್ತಾರೆ. ಮಚ್ಚು ಒಂದು ಕೂದಲೆಳೆ ಆಳ ಹೋದರೂ ಕೊಬ್ಬರಿ ಗಾಯವಾಗುತ್ತದೆ, ಒಳ್ಳೆಯ ರಾಶಿಗೆ ಸೇರುವುದಿಲ್ಲ. ಅತ್ತೆ ಮೂವತ್ತು ವರ್ಷದಿಂದ ಈ ಕೆಲಸ ಮಾಡಿದವರು.

"ಲೇ ಮಗ, ಇಲ್ನೋಡು," ಎಂದು ಎರಡು ಚೂರುಗಳನ್ನೂ ಅಂಚಿಗೆ ಅಂಚು ಕೂಡಿಸಿ ತೋರಿಸಿದರು. ಗೀಟೂ ಕಾಣದಂತೆ ಕೂತವು. "ಇದು ಇದ್ರದ್ದೇ ಅಂತ ಯಾರು ನಂಬರ್ ಹಾಕಿದ್ರು? ನೀನು ಬಂಡೆ ಒಡ್ದ ಕಡೆ ಗಾಯ ಇರಕಿಲ್ವಾ? ಕಲ್ಲು ತಗಂಡ್ಹೋಗಿ ಕೂಡ್ಸಿ ನೋಡೋದಪ್ಪ. ಎದ್ದೇಳು, ನಾನೂ ಬತ್ತೀನಿ."

ಇಷ್ಟು ಓದಿದವಳಿಗೆ ಅದು ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆದರೆ ನಾಚಿಕೊಳ್ಳುತ್ತಾ ಕೂರಲು ಹೊತ್ತಿರಲಿಲ್ಲ. ಹದಿನಾಲ್ಕೂ ಕಡೆ ಕೆಡದ ಬಂಡೆ ಹುಡುಕಿ ಹೊಸದಾಗಿ ಒಡೆಯಲು ಮತ್ತೆ ಹತ್ತು ದಿನ ಬೇಕಿತ್ತು, ಉಳಿದಿದ್ದದ್ದು ಒಂದೂವರೆ ದಿನ. ಜಾಗಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ, ಫೋನಿನಲ್ಲಿ ಗುರುತಾಗಿದ್ದವು. ಕಲ್ಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಸ್ಕೂಟರಿನ ಮುಂದೆ ಇಟ್ಟೆ. ಅತ್ತೆ ಹಿಂದೆ ಕೂತು ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡರು. ಅನ್ನ ತಿಂದು ಹೋಗೋಣ ಎಂದರೂ ಕೇಳಲಿಲ್ಲ. "ಸಿಕ್ಲಿ, ಆಮೇಲೆ ಉಂಡ್ರಾಯ್ತು," ಎಂದರು.

ಮೊದಲನೇ ಜಾಗದಲ್ಲಿ ನಾನು ಕಲ್ಲುಗಳನ್ನು ಒಂದೊಂದೇ ಹಿಡಿದು ಬಣ್ಣ, ಕಣ ಎಂದು ಪಾಠದ ಪ್ರಕಾರ ನೋಡುತ್ತಾ ಕೂತೆ. ಅತ್ತೆ ಬಂಡೆಯ ಗಾಯವನ್ನು ಒಮ್ಮೆ ಬೆರಳಲ್ಲಿ ಸವರಿ, ಚೀಲಕ್ಕೆ ಕೈ ಹಾಕಿ, ಮೂರನೆಯದಕ್ಕೇ ಸರಿಯಾದದ್ದನ್ನು ತೆಗೆದರು. ಅಭ್ಯಾಸಬಲದಿಂದ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಕಾಯಿ ಅಲ್ಲಾಡಿಸಿ ನೋಡುವ ರೀತಿ. ಅಷ್ಟು ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಕಲ್ಲು ಗಾಯಕ್ಕೆ ಕೂತಿತು.  ಚೀಟಿ ಬರೆದು ಚೀಲಕ್ಕೆ ಹಾಕಿದೆ.

ಎಲ್ಲವೂ ಅಷ್ಟು ಸುಲಭವಾಗಲಿಲ್ಲ. ಕೆಲವನ್ನು ನಾನು ಒಡೆದ ಮೇಲೆ ಮತ್ತೆ ಕೆತ್ತಿ ಚಿಕ್ಕದು ಮಾಡಿದ್ದೆ. ಅಂಥ ಕಡೆ ಅತ್ತೆ ನೆಲದ ಮೇಲೆ ಕೂತು, ಬಿದ್ದಿದ್ದ ಚಕ್ಕೆಗಳನ್ನೆಲ್ಲ ಆಯ್ದು, ಕಲ್ಲಿಗೆ ಚಕ್ಕೆ, ಚಕ್ಕೆಗೆ ಬಂಡೆ ಎಂದು ಜೋಡಿಸಿದರು. ನಾನು ಕೊಡೆ ಹಿಡಿದು ನಿಂತೆ. ಅದೊಂದೇ ನನ್ನಿಂದ ಆದ ಸಹಾಯ.

ಒಂದು ತೋಟದಲ್ಲಿ ಯಜಮಾನರೇ ಎದುರಾದರು. ಮೊದಲ ಸಲ ಬಂದಾಗಲೇ ಅವರಿಗೆ ನನ್ನ ಮೇಲೆ ಗುಮಾನಿ. ಚಿನ್ನ ಹುಡುಕುವವಳೋ, ಗಣಿಯವರ ಕಡೆಯವಳೋ ಎಂದು. "ಏನಮ್ಮಾ, ತಿರ್ಗಾ ಬಂದ್ಯಾ? ಇನ್ನೆಷ್ಟು ಬೇಕು?" ಎಂದು ಗಡಸಾಗಿ ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ, "ತಗಂಡ್ಹೋಗಾಕಲ್ಲ ಕಣಪ್ಪ, ವಾಪಸ್ ತಂದಿದೀವಿ. ನಿಂದು ಯಾವ್ದು ನೋಡ್ಕಂಬುಡು," ಎಂದು ಚೀಲ ಬಿಚ್ಚಿ ತೋರಿಸಿದರು.

ಆ ಮನುಷ್ಯ ಚೀಲದೊಳಗೆ ಇಣುಕಿ, ನಮ್ಮಿಬ್ಬರ ಮುಖ ನೋಡಿ, "ಒಯ್ದೋರು ವಾಪಸ್ ತಂದು ಕೂಡ್ಸಿ ಹೋಗೋದು ಇದೇ ಮೊದ್ಲು ನೋಡ್ತಿರೋದು," ಎಂದು ಜೋರಾಗಿ ನಕ್ಕರು. ಎಳನೀರು ಕೆತ್ತಿಸಿ ಕೊಟ್ಟರು. ಅತ್ತೆ ಅದನ್ನು ಮಾತ್ರ ಕುಡಿದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಕಲ್ಲುಗಳು ಅವವುಗಳ ಜಾಗಕ್ಕೆ ಕೂಡಿದ್ದವು. ಉಳಿದವು ಎರಡು. ನನ್ನ ಹಣೆಬರಹಕ್ಕೆ ಅದೇ ಒಂಬತ್ತು ಮತ್ತು ಹನ್ನೆರಡು. ಒಂಬತ್ತನೇ ಜಾಗದಲ್ಲಿ ನಾನು ಹೋಗಿ ಬಂದ ಮೇಲೆ ಜೆಸಿಬಿ ತಂದು ಹೊಸ ಬದು ಹಾಕಿಸಿದ್ದರು. ನಾನು ಒಡೆದ ಬಂಡೆ ಆಳೆತ್ತರದ ಮಣ್ಣಿನ ಕೆಳಗಿತ್ತು. ಹನ್ನೆರಡನೇ ಜಾಗ ಗುಡ್ಡದ ಬುಡದಲ್ಲಿ ದನ ಹೋಗುವ ದಾರಿ. ಅಲ್ಲಿನ ಬಂಡೆಯ ಮೇಲ್ಭಾಗವೆಲ್ಲ ಬಳಪದ ಕಲ್ಲು. ಉಗುರಿಗೂ ಉದುರುವಷ್ಟು ಮೆತ್ತಗೆ. ನಾನು ಒಡೆದ ಗಾಯದ ಅಂಚೆಲ್ಲ ದನಗಳ ಗೊರಸಿಗೆ ಸಿಕ್ಕಿ ಪುಡಿಯಾಗಿತ್ತು. ಅದರಡಿಯ ಗಟ್ಟಿ ಕಲ್ಲು ತೆಗೆಯಲು ಮೊದಲ ಸಲ ಇಡೀ ದಿನ ಹಿಡಿದಿತ್ತು, ಈಗ ಅಷ್ಟು ಹೊತ್ತಿರಲಿಲ್ಲ. ಅತ್ತೆ ಆ ಪುಡಿಯ ಮುಂದೆ ಎರಡು ಕಲ್ಲನ್ನೂ ಹಿಡಿದುಕೊಂಡು ಬಹಳ ಹೊತ್ತು ಕೂತರು. ಕೊನೆಗೆ, "ಇದು ನನ್ ಕೈಲಿ ಆಗಕಿಲ್ಲ ಮಗ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ. ಆದರೆ ಈ ಸಲ ಸಿಟ್ಟು ಬರಲಿಲ್ಲ.

ಅಲ್ಲೇ ಹುಣಸೆ ಮರದ ಕೆಳಗೆ ನಿಂತು ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. 

"ಮೂರು ಕಡೆ ನಂಬರ್ ಯಾಕೆ ಅಂತ ಈಗ ಗೊತ್ತಾಯ್ತಾ?" ಎಂದರು ಮೇಡಂ.

"ಗೊತ್ತಾಯ್ತು ಮೇಡಂ."

"ಒಂಬತ್ತನೇ ಜಾಗದಿಂದ ಹೋದ ವರ್ಷ ಒಂದು ಚೂರು ತಂದು ನೋಡಿದ್ದೆವಲ್ಲ, ಅದರ ಲೆಕ್ಕ ಇದೆ. ಎರಡನ್ನೂ ಹಾಗೇ ತಗೊಂಡು ಬಾ, ಕ್ರೋಮೈಟ್ ನೋಡೋಣ. ಹೋದ ವರ್ಷದ್ದಕ್ಕೆ ಒಂದು ಮಾತ್ರ ಹೊಂದಿದರೆ ನೀನು ಬಚಾವ್. ಎರಡೂ ಹೊಂದಿದರೆ, ಇಲ್ಲಾ ಎರಡೂ ಹೊಂದದೇ ಹೋದರೆ, ಎರಡನ್ನೂ ಕೈಬಿಡಬೇಕು. ಅಂದಾಜಿನ ಮೇಲೆ ನಂಬರ್ ಹಾಕೋ ಹಾಗಿಲ್ಲ."

ಕ್ರೋಮೈಟ್ ಎಂದರೆ ಈ ಕಲ್ಲುಗಳಲ್ಲಿ ಅಲ್ಲಲ್ಲಿ ಇರುವ ಎಳ್ಳಿಗಿಂತ ಚಿಕ್ಕ ಕಪ್ಪು ಕಣಗಳು. ಮ್ಯಾಗ್ಮಾ ತಣ್ಣಗಾಗುವಾಗ ಮೊದಮೊದಲು ಗಟ್ಟಿಯಾಗುವವುಗಳಲ್ಲಿ ಇವೂ ಸೇರಿವೆ. ಆಮೇಲೆ ನೂರಾರು ಕೋಟಿ ವರ್ಷಗಳಲ್ಲಿ ಬಿಸಿ, ಒತ್ತಡ, ನೀರು ಸೇರಿ ಇಡೀ ಕಲ್ಲನ್ನೇ ಬದಲಾಯಿಸಿಬಿಡುತ್ತವೆ. ಮೂಲದ ಖನಿಜಗಳು ಹೋಗಿ ಬಳಪವಾಗುತ್ತವೆ, ಇನ್ನೇನೋ ಆಗುತ್ತವೆ. ಕ್ರೋಮೈಟಿನ ಅಂಚೂ ಕೆಡುತ್ತದೆ. ಆದರೆ ಅದೃಷ್ಟವಿದ್ದರೆ ನಟ್ಟನಡುವಿನ ತಿರುಳು ಮಾತ್ರ, ಕರಟದೊಳಗಿನ ಕೊಬ್ಬರಿಯಂತೆ, ಮೊದಲಿದ್ದಂತೆಯೇ ಉಳಿದಿರುತ್ತದೆ. ಅದರಲ್ಲಿ ಕ್ರೋಮಿಯಂ ಎಷ್ಟು, ಅಲ್ಯೂಮಿನಿಯಂ ಎಷ್ಟು, ಟೈಟಾನಿಯಂ ಎಷ್ಟು ಎಂದು ಅಳೆದರೆ ಅದು ಎಂಥ ಮ್ಯಾಗ್ಮಾದಲ್ಲಿ ಹುಟ್ಟಿತು ಎಂದು ತಿಳಿಯಬಹುದು. ಒಂದೇ ಮ್ಯಾಗ್ಮಾದ ಕಣಗಳಿಗೆ ಸಾಮಾನ್ಯವಾಗಿ ಒಂದೇ ಚಹರೆ ಇರುತ್ತದೆ.

ಮುಂದಿನ ಮೂರು ವಾರ ನನಗೆ ಊಟ ಸೇರಲಿಲ್ಲ. ಎರಡು ಕಲ್ಲುಗಳಿಗೂ ಅ ಮತ್ತು ಆ ಎಂದು ಹೆಸರಿಟ್ಟಿದ್ದೆ. ಅತ್ತೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. ಕಲ್ಲಿನ ಮಾತೆತ್ತುತ್ತಿರಲಿಲ್ಲ. "ಉಂಡ್ಯಾ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ನಾನೂ ಕ್ಷಮಿಸಿ ಎನ್ನಬೇಕೆಂದುಕೊಂಡು "ಹ್ಞೂಂ ಅತ್ತೆ" ಎಂದಷ್ಟೇ ಹೇಳಿ ಇಡುತ್ತಿದ್ದೆ.

ಯಂತ್ರದ ದಿನ ಬಂತು. ಮೇಡಂ ಪಕ್ಕದಲ್ಲಿ ಕೂತರು. ಮೊದಲು 'ಅ' ಕಲ್ಲು. ಪರದೆಯ ಮೇಲೆ ಕಪ್ಪು ಕಣ ಕಂಡಿತು. ಅಂಚು ಸವೆದು ಬೇರೆ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದಿಷ್ಟು ಜಾಗ ಶುದ್ಧವಾಗಿ ಉಳಿದಿತ್ತು. ಅಲ್ಲಿಗೆ ಗುರಿ ಇಟ್ಟು ಕಾದೆವು. ಅಂಕಿಗಳು ಬಂದವು. ಹೋದ ವರ್ಷದ ಹಾಳೆಯ ಪಕ್ಕ ಇಟ್ಟು ನೋಡಿದೆವು. ಟೈಟಾನಿಯಂ ಬಹಳ ಹೆಚ್ಚು, ಅಲ್ಯೂಮಿನಿಯಮ್ಮೂ ಬೇರೆ. ಹೊಂದಲಿಲ್ಲ. ಇನ್ನೂ ಎಂಟು ಹತ್ತು ಕಣ ನೋಡಿದೆವು. ಎಲ್ಲವೂ ಹಾಗೇ.  ಈಗ 'ಆ' ಹೊಂದಲೇಬೇಕು.

'ಆ' ಕಲ್ಲಿನ ಮೊದಲೆರಡು ಕಣಗಳಲ್ಲಿ ತಿರುಳೇ ಉಳಿದಿರಲಿಲ್ಲ, ಪೂರ್ತಿ ಕೆಟ್ಟಿದ್ದವು. ಮೂರನೆಯದರಲ್ಲಿ ಸಾಸಿವೆಯ ನೂರನೇ ಒಂದು ಪಾಲಿನಷ್ಟು ಜಾಗ ಸಿಕ್ಕಿತು. ಅಂಕಿಗಳು ಒಂದೊಂದಾಗಿ ಬಂದವು. ಮೇಡಂ ಹೋದ ವರ್ಷದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದಿದರು. ಕ್ರೋಮಿಯಂ ಹೊಂದಿತು. ಅಲ್ಯೂಮಿನಿಯಂ ಹೊಂದಿತು. ಟೈಟಾನಿಯಂ ಹೊಂದಿತು. ಮುಂದಿನ ಆರು ಕಣಗಳೂ ಅದನ್ನೇ ಹೇಳಿದವು.

"ಇದು ಒಂಬತ್ತು. ಅದು ಹನ್ನೆರಡು," ಎಂದರು ಮೇಡಂ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಿನ್ನ ಅನುಮಾನವೂ ಸರಿ ಅನ್ಸತ್ತೆ. ಎರಡು ಬೇರೆ ಬೇರೆ ಮ್ಯಾಗ್ಮಾ. ಆದ್ರೆ ಮಳೆ ಬರೋದರೊಳಗೆ ಹೋಗಿ ಹನ್ನೆರಡನೇ ಜಾಗದಿಂದ ಇನ್ನೊಂದು ಕಲ್ಲು ತಂದು ಖಚಿತ ಮಾಡ್ಕೋ," ಎಂದರು. ಒಂದು ಕಲ್ಲಿನದು ಬಹಳ ಆಳದಿಂದ, ವಿಪರೀತ ಬಿಸಿಯಾಗಿ ಬಂದದ್ದಿರಬೇಕು. ಇನ್ನೊಂದಕ್ಕೆ ಮೂಲವೇ ಬೇರೆ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. 

ಅತ್ತೆಗೆ ಫೋನ್ ಮಾಡಿ, "ಸಿಕ್ತು ಅತ್ತೆ, ಎರಡೂ ಯಾವ ಜಾಗದ್ದು ಅಂತ ಗೊತ್ತಾಯ್ತು," ಎಂದೆ.

"ಯಾರು ಹೇಳಿದ್ರು?"

"ಕಲ್ಲೇ ಹೇಳ್ತು. ಅದರೊಳಗೆ ಬರೆದಿತ್ತು. ನೀವು ತೊಳೆದದ್ದು ಅಲ್ಲಿವರೆಗೂ ಹೋಗಿರಲಿಲ್ಲ."

ಅತ್ತೆ ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು. "ಸದ್ಯ. ಇವತ್ತು ಉಂಡಿದ್ದು ಮೈಗೆ ಹತ್ತುತ್ತೆ ಬುಡು," ಎಂದರು. ಮೂರು ವಾರದಿಂದ ನನ್ನ ಊಟ ವಿಚಾರಿಸುತ್ತಿದ್ದವರು ತಾವೂ ಸರಿಯಾಗಿ ಉಂಡಿರಲಿಲ್ಲ ಎಂದು ಆಗ ತಿಳಿಯಿತು. ಆಗಲೇ ನಾನು, "ಅವತ್ತು ಕೂಗಾಡಿದ್ದು ತಪ್ಪಾಯ್ತು ಅತ್ತೆ," ಎಂದದ್ದು. "ಅಯ್ಯೋ, ಯಾವತ್ತಿನ ಮಾತೇ ಅದು," ಎಂದು ಫೋನಿಟ್ಟುಬಿಟ್ಟರು.

ಮುಂಗಾರಿಗೆ ಮುಂಚೆ ಮತ್ತೆ ಹೋದೆ. ಹನ್ನೆರಡನೇ ಜಾಗದಿಂದ ಕಲ್ಲು ತಂದು, ಹೊಸ ಮಾರ್ಕರ್ ತೆಗೆದು ಜಗುಲಿಯ ಮೇಲೆ ಕೂತೆ. (ಆ ಕಲ್ಲೂ ಮುಂದೆ ಯಂತ್ರದಲ್ಲಿ ನಮ್ಮ ಉತ್ತರವನ್ನೇ ಹೇಳಿತು.) ನಂಬರ್ ಬರೆಯಬೇಕು ಎನ್ನುವಷ್ಟರಲ್ಲಿ ಅತ್ತೆ ಒಳಗಿಂದ ಒಂದು ಪುಟ್ಟ ಬಾಟಲಿ ತಂದು ನನ್ನ ಕೈಗಿಟ್ಟರು. ಕೆಂಪು ನೈಲ್ ಪಾಲಿಷ್. ಐವತ್ತೆಂಟು ವರ್ಷದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚಿದವರಲ್ಲ. ತುರುವೇಕೆರೆ ಬಸ್ ಸ್ಟ್ಯಾಂಡಿನ ಅಂಗಡಿಗೆ ತಾವೇ ಹೋಗಿ ಕೊಂಡಿದ್ದರಂತೆ.

"ಇದ್ರಲ್ಲಿ ಬರಿ. ಹೋಗಕಿಲ್ಲ," ಎಂದರು.

"ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

ಅವರು ಬಚ್ಚಲ ಕಡೆ ಕೈ ತೋರಿಸಿದರು. ಹಂಡೆ ಒಲೆಯ ಪಕ್ಕ ಒಂದು ಕರಿ ಕಲ್ಲಿತ್ತು. ಅದರ ಮೇಲೆ ಕೆಂಪಗೆ, ಸೊಟ್ಟಗೆ, ದೊಡ್ಡದಾಗಿ ಒಂಬತ್ತು ಎಂದು ಬರೆದಿತ್ತು. ಪಕ್ಕದಲ್ಲಿ ಬೂದಿ, ಸವೆದ ತೆಂಗಿನ ನಾರು.

"ಹದಿನೈದು ದಿನದಿಂದ ದಿನಾ ತಿಕ್ತಾ ಇದೀನಿ ಕಣೇ," ಎಂದರು ಅತ್ತೆ.